ನಮ್ಮ ಭಾವನ ವಾಗಾ ವಾಗಾ

ಆಸ್ಟ್ರೇಲಿಯಾದ ಒಳನಾಡಿನಲ್ಲಿರುವ ವಾಗಾ ವಾಗಾ ಎಂಬ ಊರನ್ನು ನಮ್ಮ ಭಾವನಷ್ಟು ಬಲ್ಲವರು ಆ ಊರಲ್ಲೂ ಇರಲಾರರು. ಅವರು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ ಎನ್ನುವುದೊಂದೇ ಕೊರತೆ!

ಭಾವ, ಅಂದರೆ ನಮ್ಮಕ್ಕನ ಗಂಡ, ಧಾರವಾಡದ ಇಂಜಿನಿಯರು. ತೊಂಬತ್ತರ ದಶಕದಲ್ಲಿ ನಾವೆಲ್ಲ ಅಮೆರಿಕದ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದೆವು. ಅವರ ಒಬ್ಬಳೇ ತಂಗಿ ವಾಗಾದಲ್ಲಿ ಡಾಕ್ಟರು. ಅವಳ ಮಗಳಿಗೆ ಮೂರು ತುಂಬಿದರೂ ಕಿವಿ ಚುಚ್ಚಿಸಿರಲಿಲ್ಲ. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಆಗಬೇಕೆಂದು ತಂಗಿಯ ಹಟ. ಸೋದರಮಾವನೋ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕೂತಿದ್ದರು. ಹೊರಗೆ ಹೋಗಿಬರಲು ಸರಕಾರದ ಅಪ್ಪಣೆ ಪತ್ರ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ನೀರುಪಾಲು. ಹೋಗಲಾರದವರು ಏನು ಮಾಡಬೇಕು? ತಂಗಿ ಕಳಿಸಿದ ನಕಾಶೆಯನ್ನು ಬಾಯಿಪಾಠ ಮಾಡಿದರು!

ವಾಷಿಂಗ್ಟನ್ ನೋಡಲು ಬಂದ ನೆಂಟರು ಮೊದಲು ವಾಗಾ ನೋಡಬೇಕಿತ್ತು. ಊಟದ ಮೇಜಿನ ಮೇಲೆ ಚಟ್ನಿಪುಡಿ ಡಬ್ಬಿ ಸಿಡ್ನಿ, ಉಪ್ಪಿನಕಾಯಿ ಬಾಟಲಿ ಮೆಲ್ಬರ್ನ್.

"ನಡುವ ನಮ್ಮ ವಾಗಾ. ಇದು ಮರಂಬಿಜಿ ಹೊಳಿ. ಸುತ್ತ ಗೋದಿ ಹೊಲ, ಕುರಿ. ಹೊಳಿ ದಂಡಿಗೆ ಬೀಚ್ ಸುದ್ದಾ ಅದ!"

"ಸಮುದ್ರ ಎಲ್ಲಿ ಅದ, ಭಾವಾ?" ಎಂದೆ ನಾನು.

"ಭಾಳ ದೂರ. ಅದಕ್ಕೇನಾತು? ಉಸುಕದ, ನೀರದ. ಬೀಚಿಗೆ ಮತ್ತೇನು ಬೇಕು?"

ಜನವರಿಯಲ್ಲೊಮ್ಮೆ ಮನೆ ಮುಂದೆ ಮೊಣಕಾಲುದ್ದ ಹಿಮ ಬಿತ್ತು. ಅಕ್ಕ ಸಲಿಕೆ ತಂದರೆ ಭಾವ ಕಿಟಕಿಯಲ್ಲೇ ನಿಂತಿದ್ದರು.

"ವಾಗಾದಾಗ ಇವತ್ತ ಏನ್ ಬಿಸಲು ಅಂತಿ! ನಲವತ್ತು ಡಿಗ್ರಿ!"

"ಹಂಗಾರ ಆ ಬಿಸಲು ತಂದು ಡ್ರೈವ್‌ವೇ ಮ್ಯಾಲೆ ಹಾಕ್ರಿ. ಇಲ್ಲಾಂದ್ರ ಸಲಿಕಿ ಹಿಡೀರಿ," ಎಂದಳು ಅಕ್ಕ. ಭಾವ ತೆಪ್ಪಗೆ ಬೂಟು ಹಾಕಿಕೊಂಡರು.

ಭಾನುವಾರದ ಫೋನಿನಲ್ಲಿ ತಂಗಿಗೇ ಅವಳ ಆಸ್ಪತ್ರೆಗೆ ಅಡ್ಡದಾರಿ ಹೇಳಿಕೊಡುತ್ತಿದ್ದರು. "ಅಣ್ಣಾ, ಅದು ಒನ್‌ವೇ!" ಎಂದು ಅವಳು ನಗುವುದು ನಮಗೂ ಕೇಳುತ್ತಿತ್ತು. ನಗು ಮುಗಿದ ಮೇಲೆ "ಯಾವಾಗ ಬರ್ತೀ?" ಎನ್ನುತ್ತಿದ್ದಳು. ಆಗ ಮಾತ್ರ ಭಾವನಿಗೆ ದಾರಿ ತೋಚುತ್ತಿರಲಿಲ್ಲ. ಪಾಪ ಅನಿಸುತ್ತಿತ್ತು ನನಗೆ.

ಕೊನೆಗೂ ಅಪ್ಪಣೆ ಪತ್ರ ಬಂತು. ಎರಡು ವಾರ ಹೋಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವಾಗ ನಾನೇ ಕೆಣಕಿದೆ.

"ಏನ್ ಭಾವಾ, ಊರು ನೀವು ಹೇಳಿದಂಗ ಇತ್ತೇನು?"

ಭಾವ ಕೊರಳು ಸವರಿಕೊಂಡರು.

"ಊರು ನೋಡಲಿಲ್ಲೋ. ಕಿವಿ ಚುಚ್ಚಿದಾಗ ಅಳಕೋತ ನನ್ನ ಕೊರಳಿಗೆ ಜೋತುಬಿದ್ದ ಕೂಸು, ನಾ ವಾಪಸ್ ಹೊಂಡೋತನಕಾ ಇಳೀಲೇ ಇಲ್ಲ."