ಸಹಿ ಹಾಕಿ ಒಳಗೆ ಬನ್ನಿ

ನಗು ಬರೋ ಅಂಥ ಪ್ರಸಂಗಗಳು ಬಸ್ ಸ್ಟ್ಯಾಂಡಲ್ಲಿ, ಮದುವೆ ಮನೇಲಿ ಆಗ್ತವೆ ಅಂತ ಜನ ತಿಳ್ಕೊಂಡಿದಾರೆ. ಸುಳ್ಳು. ‘ಮಾತನಾಡಬಾರದು’ ಅಂತ ಬೋರ್ಡ್ ಹಾಕಿರೋ ಕಡೇನೇ ಅವು ಜಾಸ್ತಿ. ನನ್ನ ಮೇಜಿನ ಮುಂದೆ ಇಪ್ಪತ್ತಾರು ವರ್ಷ ಒಂದರ ಹಿಂದೆ ಒಂದು ಆಗ್ತಾನೇ ಇದ್ವು. ಆಗ ನಾನು ಒಂದಕ್ಕೂ ನಗಲಿಲ್ಲ. ಈಗ ತಿಲಕ್ ನಗರದ ನಮ್ಮನೆ ಅಡುಗೆಮನೇಲಿ ಹುರುಳಿಕಾಯಿ ಹೆಚ್ಚುತ್ತಾ ನೆನೆಸ್ಕೊಂಡು ನಗ್ತೀನಿ. ಆಮೇಲೆ ಹೊಟ್ಟೆ ಉರಿಯುತ್ತೆ.

ನಾನು ವಿಶ್ವವಿದ್ಯಾಲಯದ ಭೂಗೋಳ ವಿಭಾಗದ ಲೈಬ್ರರಿ ನೋಡ್ಕೋತಿದ್ದವಳು. ವಿಶ್ವವಿದ್ಯಾಲಯ ಎಲ್ಲೋ ಊರಾಚೆ. ನಮ್ಮ ವಿಭಾಗ ಮಾತ್ರ ಜಯನಗರದಲ್ಲಿ, ಜಯನಗರ ಹುಟ್ಟೋಕೆ ಮುಂಚೇನೇ ಯಾರೋ ಸಾಹುಕಾರರು ಕಟ್ಟಿಸಿದ ಬಂಗಲೇಲಿ. ಕೆಳಗೆ ಕೆಂಪು ಗಾರೆ ನೆಲ, ಅಲ್ಲಿ ಕ್ಲಾಸು. ಮೇಲೆ ಮರದ ಹಲಗೆ ಹಾಸಿದ ಮಹಡಿ, ಅಲ್ಲಿ ಲೈಬ್ರರಿ. ಗೇಟಲ್ಲಿ ‘ಸಂರಕ್ಷಿತ ಕಟ್ಟಡ’ ಅಂತ ಬೋರ್ಡ್. ಒಂದು ಮೊಳೆ ಹೊಡೀಬೇಕಾದ್ರೂ ಮೂರು ಕಡೆ ಅನುಮತಿ ಬೇಕು, ಹಾಗಾಗಿ ನಮ್ಮ ಕ್ಯಾಲೆಂಡರ್ ವರ್ಷವಿಡೀ ಕುರ್ಚಿ ಮೇಲೆ ಕೂತಿರ್ತಿತ್ತು. ಆ ಮನೇಲೇ ಲೈಬ್ರರಿ ಉಳೀಬೇಕು ಅನ್ನೋದೊಂದೇ ನನ್ನ ಸರ್ವೀಸಿನ ಕೊನೇ ವರ್ಷದ ಆಸೆ. ಅದೇನಾಯ್ತು ಅಂತ ಹೇಳ್ತೀನಿ. ನಗೋ ಕಡೆ ಧಾರಾಳವಾಗಿ ನಗಿ.

ಕನ್ನಡಕ

ನಾನು ಸಿಡುಕಿ. ಮುಚ್ಚುಮರೆ ಯಾಕೆ? ಲೈಬ್ರರಿಗೆ ಯಾರಾದ್ರೂ ಬಂದ್ರೆ, ಕಳ್ಳ ಬಂದ ಅಂತಲೇ ನನ್ನ ಮನಸ್ಸಿಗೆ ಅನ್ನಿಸ್ತಿತ್ತು. ಪುಸ್ತಕ ಎಲ್ಲ ನನ್ನ ತವರುಮನೆ ಒಡವೆ ಅನ್ನೋ ಥರ ಕಾಯ್ತಿದ್ದೆ.

ಒಂದು ಸಲ ಹಿರಿಯ ಪ್ರೊಫೆಸರ್ ಒಬ್ಬರು ಧಾರವಾಡದ ಕಡೆಯಿಂದ ರಾತ್ರಿ ಬಸ್ಸಲ್ಲಿ ಬಂದು, ಸ್ನಾನ ಮಾಡಿ, ನೇರ ನಮ್ಮಲ್ಲಿಗೆ ಬಂದ್ರು. ಅವರಿಗೆ ಒಂದೇ ಒಂದು ಹಳೇ ಪುಸ್ತಕ ಬೇಕಿತ್ತು.

“ಚಪ್ಪಲಿ ಕೆಳಗೆ ಬಿಡಿ,” ಅಂದೆ. ಬಿಟ್ಟು ಬಂದ್ರು.

“ಬ್ಯಾಗ್ ಒಳಗೆ ತರೋ ಹಾಗಿಲ್ಲ.” ಮತ್ತೆ ಇಳಿದು ಇಟ್ಟು ಬಂದ್ರು.

“ಪೆನ್ ಇಲ್ಲಿ ಕೊಡಿ. ಪೆನ್ಸಿಲ್ಲೇ ಉಪಯೋಗಿಸ್ಬೇಕು. ನೀರಿನ ಬಾಟ್ಲಿ ಹೊರಗೆ. ಫೋನ್ ಆಫ್ ಮಾಡಿ. ಸಹಿ ಹಾಕಿ. ಅಲ್ಲಲ್ಲ, ಆ ಗೆರೆ ಮೇಲೆ.”

ಮನುಷ್ಯ ಎಲ್ಲಾ ಮಾಡಿದ್ರು. ಎರಡು ಕೈಯನ್ನೂ ಬರಿದಾಗಿ ಮುಂದೆ ಚಾಚಿ ತೋರಿಸಿ, ತುಂಬ ವಿನಯದಿಂದ ಕೇಳಿದ್ರು: “ಕನ್ನಡಕ ಹಾಕ್ಕೊಂಡು ಬರಬಹುದೇನ್ರೀ, ಅಥವಾ ಅದನ್ನೂ ಇಲ್ಲೇ ಬಿಡ್ಲೋ?”

ನಾನು ಗಂಭೀರವಾಗಿ ಯೋಚನೆ ಮಾಡಿ, “ಪರವಾಗಿಲ್ಲ, ಹಾಕ್ಕೊಳ್ಳಿ” ಅಂದೆ!

ಅವರು ಮತ್ತೆ ಬರಲೇ ಇಲ್ಲ. ಅವತ್ತು ನಾನು ಕೆಲಸ ಬಹಳ ಚೆನ್ನಾಗಿ ಮಾಡಿದೆ ಅಂತ ಮನೇಲಿ ಹೇಳ್ಕೊಂಡಿದ್ದೆ, ಕರ್ಮ.

ಬೀರುವಿನೊಳಗಿನ ಕೆರೆ

ನಮ್ಮಲ್ಲಿ ಪುಸ್ತಕಕ್ಕಿಂತ ನಕ್ಷೆಗಳು ಚೆನ್ನಾಗಿದ್ವು. ಬೆಂಗಳೂರು ಇನ್ನೂ ಹೊಲ, ತೋಪು, ಕೆರೆ ಆಗಿದ್ದಾಗಿನ ಬಟ್ಟೆ ಮೇಲೆ ಅಂಟಿಸಿದ ನಕ್ಷೆಗಳು. ಅವನ್ನ ತೇಗದ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಕೊಂಡಿರ್ತಿದ್ದೆ. ಭಾನುವಾರ ತರಕಾರಿ ತರೋಕೆ ಹೋದ್ರೂ ಅದು ನನ್ನ ಜೊತೇಲೇ.

ಸಂಶೋಧನೆ ಮಾಡೋ ಹುಡುಗಿಯೊಬ್ಬಳು ಬಂದು, “ಮೇಡಂ, ಮಡಿವಾಳದ ಆಚೆ ಒಂದು ಸಣ್ಣ ಕೆರೆ ಇತ್ತಂತೆ. ಈಗ ಅಲ್ಲಿ ಬರೀ ಬಿಲ್ಡಿಂಗು. ಹಳೇ ನಕ್ಷೆ ನಿಮ್ಮ ಹತ್ರ ಮಾತ್ರ ಇದೆ ಅಂತ ಕ್ಯಾಟಲಾಗ್ ಹೇಳುತ್ತೆ” ಅಂದ್ಲು.

“ಎಚ್‌ಓಡಿ ಹತ್ರ ಕಾಗದ ತಗೊಂಬಾ.”

ಎಚ್‌ಓಡಿ, ನಿನ್ನ ಗೈಡ್ ಹತ್ರ ಬರೆಸ್ಕೊಂಡು ಬಾ ಅಂದ್ರು. ಗೈಡ್ ರಜಾ. ಪಾಪದ ಹುಡುಗಿ ಬಿಟಿಎಂ ಲೇಔಟಿಂದ ಮೂರು ವಾರ ಓಡಾಡಿ, ಮೂರು ಸೀಲು ಒತ್ತಿಸ್ಕೊಂಡು ಬಂದ್ಲು. ನಾನು ಸೀಲುಗಳನ್ನ ಬೆಳಕಿಗೆ ಹಿಡಿದು ನೋಡಿ, ದೇವರ ಕೋಣೆ ಬಾಗಿಲು ತೆಗೆಯೋ ಹಾಗೆ ಬೀರು ತೆಗೆದೆ.

ಆ ನಕ್ಷೆ ಸುರುಳಿ ಬಿಚ್ಚಿದ್ರೆ ಕೈಗೆ ಬಂದಿದ್ದು ಬರೀ ಪುಡಿ. ಕೆರೆ ಇದ್ದ ಕಡೆ ಅಂಗೈ ಅಗಲದ ತೂತು. ಇಷ್ಟು ವರ್ಷ ಒಬ್ಬ ಮನುಷ್ಯನಿಗೂ ತೋರಿಸದೆ ಕಾಪಾಡಿದ್ದನ್ನ ಗೆದ್ದಲು ಬೀರುವಿನ ಹಿಂಭಾಗದಿಂದ ಬಂದು, ಸಹಿ ಕೂಡ ಹಾಕದೆ, ಮುಗಿಸಿಬಿಟ್ಟಿತ್ತು.

ನಾನು ಪೆಚ್ಚಾಗಿ ನಿಂತಿದ್ದೆ. ಅವಳೇ ನನಗೆ ಸಮಾಧಾನ ಹೇಳಿದ್ಲು: “ಇರ್ಲಿ ಬಿಡಿ ಮೇಡಂ. ಕೆರೆ ನೆಲದ ಮೇಲೂ ಇಲ್ಲ, ನಕ್ಷೆ ಮೇಲೂ ಇಲ್ಲ. ಈಗ ಎರಡೂ ಕರೆಕ್ಟಾಗಿ ತಾಳೆ ಆಗುತ್ತೆ.”

ಕಾಗದ

ಹೀಗೆ ಓಡಿಸೀ ಓಡಿಸೀ ಓದುಗರೇ ಇಲ್ಲದ ಹಾಗಾಯ್ತು. ಕೊನೆಗೆ ದಿನಕ್ಕೆ ಮೂರು ಸಹಿ ಬಿದ್ರೆ ಹೆಚ್ಚು. ಅದರಲ್ಲಿ ಒಂದು ನಮ್ಮ ಅಟೆಂಡರಮ್ಮಂದು.

ಆಗ ಒಂದು ಕಾಗದ ಬಂತು. ಲೈಬ್ರರಿಗೆ ದಿನಾ ಎಷ್ಟು ಜನ ಬರ್ತಾರೆ, ಮೂರು ತಿಂಗಳು ಲೆಕ್ಕ ಬರೆದಿಡಿ, ಆಮೇಲೆ ತಂಡ ಬಂದು ಪರಿಶೀಲಿಸುತ್ತೆ ಅಂತ. ಓದಿದ ತಕ್ಷಣ, ನಮ್ಮನ್ನ ಮುಚ್ಚೋಕೇ ಬರ್ತಿದಾರೆ ಅಂದ್ಕೊಂಡೆ. ಅದೇ ವರ್ಷ ಇನ್ನೊಂದು ವಿಭಾಗದ ಲೈಬ್ರರೀನ ಓದೋರಿಲ್ಲ ಅಂತ ಮುಚ್ಚಿ, ಪುಸ್ತಕಾನೆಲ್ಲ ಗೋಣಿಚೀಲದಲ್ಲಿ ತುಂಬಿಸಿ ಗೋಡೌನಿಗೆ ಸಾಗಿಸಿದ್ರು.

ಎಚ್‌ಓಡಿ ಕಾಗದ ನೋಡಿ, “ನಿಮ್ಮ ಸರದಿ ಬಂತಲ್ರೀ” ಅಂದ್ರು.

“ನಮ್ಮದು ಅನ್ನಿ ಸಾರ್!”

“ನೀವು ನನಗೇ ಪುಸ್ತಕ ಕೊಟ್ಟಿಲ್ಲ ಮೇಡಂ, ನಾಲ್ಕು ವರ್ಷ ಆಯ್ತು. ರೆಫರೆನ್ಸ್ ಕಾಪಿ ಅಂದ್ರಿ. ಅದು ನಾನೇ ಬರೆದಿದ್ದ ಪುಸ್ತಕ.”

ಬಂದ ಉದ್ದೇಶ

ಮಾರನೇ ದಿನದಿಂದ ನಾನು ಬೇರೆ ಹೆಂಗಸೇ ಆದೆ. ಗೇಟ್ ಹತ್ರ ಕುರ್ಚಿ ಹಾಕ್ಕೊಂಡು ಕೂತು, ಹೋಗೋ ಬರೋರನ್ನೆಲ್ಲ “ಬನ್ನಿ ಸಾರ್, ಬನ್ನಿ ಆಂಟಿ, ಒಳಗೆ ತಂಪಾಗಿದೆ, ಒಂದು ಸಹಿ ಹಾಕಿ ಕೂತ್ಕೊಳ್ಳಿ” ಅಂತ ಕರೆಯೋಕೆ ಶುರು ಮಾಡಿದೆ. ಸೀರೆ ಅಂಗಡಿಯವರು ಕೂಡ ಹಾಗೆ ಕರೆಯಲ್ಲ. ವಾಕಿಂಗ್ ಮುಗಿಸಿದ ಅಂಕಲ್‌ಗಳು ಬಂದ್ರು, ಪಿಜಿಯಲ್ಲಿ ಇದ್ಕೊಂಡು ಪರೀಕ್ಷೆಗೆ ಓದೋ ಹುಡುಗರು ಬಂದ್ರು. “ಮಗಾ, ಸಖತ್ ಜಾಗ, ವೈಫೈ ಇಲ್ಲ, ಅದೊಂದೇ” ಅಂತ ಒಬ್ಬ ಫೋನಲ್ಲಿ ಹೇಳ್ತಿದ್ದ. ಹಿಂದೆ ಆಗಿದ್ರೆ ಕತ್ತು ಹಿಡಿದು ಆಚೆ ಹಾಕ್ತಿದ್ದೆ. ಈಗ “ನಿಮ್ಮ ಫ್ರೆಂಡನ್ನೂ ಕರೀಪ್ಪಾ” ಅಂದೆ.

ರಿಜಿಸ್ಟರಲ್ಲಿ ‘ಬಂದ ಉದ್ದೇಶ’ ಅಂತ ಒಂದು ಕಾಲಂ ಇತ್ತು. ಜನ ಅದನ್ನ ನಿಜವಾಗಿ ತುಂಬಿಸಿಬಿಡೋದೇ ತಲೆನೋವು. ‘ಫೋನ್ ಚಾರ್ಜಿಂಗ್’. ‘ಹೆಂಡತಿ ಬ್ಲೌಸ್ ಹೊಲಿಸೋಕೆ ಹೋಗಿದಾಳೆ’. ‘ಸುಮ್ಮನೆ’. ಒಬ್ಬ ಯಜಮಾನರು ಅವಸರವಾಗಿ ಬಂದು, ಮುತ್ತಿನಂಥ ಅಕ್ಷರದಲ್ಲಿ ‘ಮೂತ್ರ ವಿಸರ್ಜನೆ’ ಅಂತ ಬರೆದು ಒಳಗೆ ಓಡಿದ್ರು.

ಅವರು ಹೊರಗೆ ಬಂದ ಮೇಲೆ, “ಸಾರ್, ತಂಡದವರು ಬಂದು ಇದನ್ನ ಓದ್ತಾರೆ. ಭೂಗೋಳಕ್ಕೆ ಸಂಬಂಧಪಟ್ಟ ಹಾಗೆ ಏನಾದ್ರೂ ಬರೀರಿ” ಅಂತ ಕೈ ಮುಗಿದೆ. ಅವರು ನಿವೃತ್ತ ಮೇಷ್ಟ್ರು. ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಿ, ಹೊಡೆದು ಹಾಕಿ, ಪಕ್ಕದಲ್ಲಿ ಬರೆದ್ರು: ‘ಜಲ ಸಂಪನ್ಮೂಲ’.

ನಕ್ಷೆ ಕೇಳಿದ್ದ ಹುಡುಗಿಗೂ ಫೋನ್ ಮಾಡಿದೆ. “ಬಾಮ್ಮಾ, ಬೀರು ತೆಗೆದಿಟ್ಟಿದೀನಿ, ಯಾವ ನಕ್ಷೆ ಬೇಕಾದ್ರೂ ನೋಡು, ಕಾಗದಾನೂ ಬೇಡ, ಸೀಲೂ ಬೇಡ” ಅಂದೆ.

“ಥ್ಯಾಂಕ್ಸ್ ಮೇಡಂ, ಆದ್ರೆ ವಿಷಯ ಬದಲಾಯಿಸ್ಕೊಂಡ್ಬಿಟ್ಟೆ. ಈಗ ಬೆಟ್ಟಗಳ ಮೇಲೆ ಮಾಡ್ತಿದೀನಿ. ನಾನು ಪರ್ಮಿಷನ್ ತಗೊಂಡು ಬರೋವರೆಗೂ ಅವಾದ್ರೂ ಇರ್ತವೆ.”

ಅವಳು ತಮಾಷೆಗೇ ಹೇಳಿದ್ದು. ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ.

ಕತ್ರಿಗುಪ್ಪೆ ಯಜಮಾನರು

ಹೀಗೆ ಗೇಟಲ್ಲಿ ಸಿಕ್ಕಿದವರಲ್ಲಿ ಕತ್ರಿಗುಪ್ಪೆಯ ಯಜಮಾನರೊಬ್ಬರು. ಬಿಳೀ ಪಂಚೆ, ಬಿಳೀ ಶರ್ಟು. ಅವರಪ್ಪ ಅಲ್ಲೇ ರಾಗಿ ಬೆಳೀತಿದ್ದೋರು, ಇವರು ಅದೇ ನೆಲದ ಮೇಲೆ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ರು. ಹೆಂಡತಿ ಹಲ್ಲಿನ ಡಾಕ್ಟರ ಹತ್ರ ಹೋಗಿದ್ರು, ಇವರಿಗೆ ಕಾಲ ಕಳೀಬೇಕಿತ್ತು. ಮೇಜಿನ ಮೇಲೆ ಹರಡಿದ್ದ ಹಳೇ ನಕ್ಷೇನ ಹಾಗೇ ಬಗ್ಗಿ ನೋಡ್ತಿದ್ದವರು ಒಮ್ಮೆಲೇ ಕೂಗಿದ್ರು: “ಅಯ್ಯೋ ಶಿವನೇ! ಇದು ನಮ್ಮ ಬಾವಿ ಹೊಲ! ಇಲ್ಲೇ ಹುಣಸೇಮರ ಇದ್ದಿದ್ದು!”

ಬೆರಳಿಟ್ಟ ಕಡೆಯಿಂದ ಕೈ ತೆಗೀಲೇ ಇಲ್ಲ. ಕಣ್ಣಲ್ಲಿ ನೀರು ಬಂದಿತ್ತು.

ಮಾರನೇ ದಿನ ಎಂಟು ಜನ ಬಂದ್ರು. ಅಣ್ಣತಮ್ಮಂದಿರು, ದಾಯಾದಿಗಳು, ಟಿಫನ್ ಕ್ಯಾರಿಯರ್ ಸಮೇತ. ಹತ್ತು ನಿಮಿಷ ಪ್ರೀತಿಯಿಂದ ನೋಡಿದ್ರು. ಹನ್ನೊಂದನೇ ನಿಮಿಷಕ್ಕೆ ಜಗಳ.

“ಬದು ಇಲ್ಲಿತ್ತು!”

“ಏಯ್, ಹುಣಸೇಮರ ನಮ್ಮ ಕಡೆಗಿತ್ತು, ಗುರು!”

“ನಿಮ್ಮಪ್ಪ ರಾತ್ರೋರಾತ್ರಿ ಕಲ್ಲು ಸರಿಸಿದ್ದ!”

ನನ್ನ ಜೀವಮಾನದಲ್ಲೇ ಆ ಮಹಡೀಲಿ ಅಷ್ಟು ಗಲಾಟೆ ಆಗಿರಲಿಲ್ಲ. ಹಲಗೆ ಎಲ್ಲ ಅದುರ್ತಿದ್ವು. ಅಟೆಂಡರಮ್ಮ ಓಡಿ ಬಂದು, “ಮೇಡಂ, ಆಚೆ ಕಳಿಸ್ಲಾ?” ಅಂದ್ಲು. ನಾನು ರಿಜಿಸ್ಟರ್ ಹಿಡ್ಕೊಂಡು ಜಗಳದ ಮಧ್ಯೆ ನುಗ್ಗಿ, “ಹೊಡೆದಾಡಿ, ಬೇಡ ಅನ್ನಲ್ಲ. ಒಬ್ಬೊಬ್ಬರೂ ಸಹಿ ಹಾಕಿ ಹೊಡೆದಾಡಿ” ಅಂದೆ.

ನಗಬೇಡಿ, ಅವತ್ತೇ ನನಗೆ ಜ್ಞಾನೋದಯ ಆಗಿದ್ದು. ಇಪ್ಪತ್ತಾರು ವರ್ಷದಲ್ಲಿ ನಮ್ಮ ನಕ್ಷೇನ ಅಷ್ಟು ಆಸೆಯಿಂದ ಓದಿದೋರು ಯಾರೂ ಇರಲಿಲ್ಲ. ಅವರು ದಿನಾ ಬರೋಕೆ ಶುರು ಮಾಡಿದ್ರು. ಅವರನ್ನ ನೋಡಿ ಹೊಸಕೆರೆಹಳ್ಳಿ ಕಡೆಯೋರೂ ಬಂದ್ರು. ಪಿಜಿ ಹುಡುಗರು ತಾವಾಗೇ ಪುಸ್ತಕ ಕೇಳೋಕೆ ಶುರು ಮಾಡಿದ್ರು. ಸುಳ್ಳು ಸಹಿಗೆ ಅಂತ ಕರೆದ ಜನ ಮೂರು ತಿಂಗಳಲ್ಲಿ ನಿಜವಾದ ಓದುಗರಾಗಿಬಿಟ್ಟಿದ್ರು. ಇದನ್ನ ಮೊದಲೇ ಮಾಡಿದ್ರೆ ಏನಾಗ್ತಿತ್ತು ನನಗೆ?

ತಂಡ ಬಂತು

ತಂಡ ಬರೋ ದಿನ ಎಲ್ಲರಿಗೂ ಹೇಳಿಕಳಿಸಿದೆ. ಒಬ್ಬರೂ ತಪ್ಪಿಸಲಿಲ್ಲ. ಮಹಡಿ ಮೇಲೆ ಕುರ್ಚಿ ಸಾಲದೆ ಅಂಕಲ್‌ಗಳು ಕಿಟಕಿ ಕಟ್ಟೆ ಮೇಲೆ, ಹುಡುಗರು ನೆಲದ ಮೇಲೆ. ಕತ್ರಿಗುಪ್ಪೆಯೋರು ಮದುವೆಗೆ ಬಂದ ಹಾಗೆ ಹೆಂಗಸರು ಮಕ್ಕಳ ಜೊತೆ ಬಂದಿದ್ರು. ಎಪ್ಪತ್ತಕ್ಕೆ ಒಬ್ಬರೂ ಕಮ್ಮಿ ಇರಲಿಲ್ಲ.

ತಂಡದ ಮುಖ್ಯಸ್ಥರು ಕುಳ್ಳಗೆ, ಸಾಧು ಮನುಷ್ಯ. ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತ್ರು. ಮುಖ ಬಿಳಿಚ್ಕೊಂಡಿತು. ನಮ್ಮ ಜನಸಂದಣಿ ನೋಡಿ ಬೆರಗಾದ್ರು ಅಂತ ನಾನು ಬೀಗಿದೆ.

“ದಿನಾ ಇಷ್ಟು ಜನ ಬರ್ತಾರಾ ಮೇಡಂ?”

“ಇವತ್ತು ಸ್ವಲ್ಪ ಕಮ್ಮಿ ಸಾರ್,” ಅಂದೆ.

ಅವರು ರಿಜಿಸ್ಟರ್ ತಿರುವಿದ್ರು. ಆಮೇಲೆ ಮಂಡಿಯೂರಿ ಕೂತು ನೆಲದ ಹಲಗೆ ತಟ್ಟಿ ನೋಡಿದ್ರು. ಪೆನ್ ಬಿತ್ತೇನೋ ಅಂತ ನಾನೂ ಹುಡುಕೋಕೆ ಬಗ್ಗಿದೆ. ಮೇಜಿನ ಕೆಳಗೆ ಇಬ್ಬರ ಮುಖವೂ ಎದುರಾಯ್ತು. ಅವರು ಪಿಸುಗುಟ್ಟಿದ್ರು:

“ಮೇಡಂ, ಕಾಗದ ಎಲ್ಲಿಂದ ಬಂದಿದೆ ಅಂತ ನೋಡಲಿಲ್ವಾ? ನಾವು ಕಟ್ಟಡ ವಿಭಾಗದೋರು. ನಾನು ಇಂಜಿನಿಯರ್. ಈ ಮರದ ಮಹಡಿ ಎಷ್ಟು ಜನರ ಭಾರ ತಡೆಯುತ್ತೆ ಅಂತ ನೋಡೋಕೆ ಬಂದಿದೀವಿ. ಹದಿನೈದು ಜನದವರೆಗೂ ಭಯ ಇಲ್ಲ. ಇಲ್ಲಿ ಯಾರೂ ಬರಲ್ಲ ಅಂತ ಕೇಳಿದ್ವಿ. ಲೈಬ್ರರಿ ಇಲ್ಲೇ ಇರಲಿ ಅಂತ ರಿಪೋರ್ಟ್ ಕೂಡ ಟೈಪ್ ಮಾಡಿಸ್ಕೊಂಡು ಬಂದಿದ್ದೆ.”

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಹಲಗೆ ಬಿಡೋ ಹಾಗಿತ್ತು, ಅದು ಬೇರೆ ಮಾತು.

ಎದ್ದವಳೇ ಕೈ ಜೋಡಿಸಿದೆ. “ಸಾರ್, ರಿಜಿಸ್ಟರ್ ಪೂರ್ತಿ ಸುಳ್ಳು! ನಾನೇ ದಾರೀಲಿ ಹೋಗೋರನ್ನ ಕರೆದು ಸಹಿ ಹಾಕಿಸಿದ್ದು. ಇಲ್ಲಿಗೆ ಯಾರೂ ಬರಲ್ಲ ಸಾರ್, ಒಂದು ನರಪಿಳ್ಳೆನೂ ಬರಲ್ಲ!”

ಎಪ್ಪತ್ತು ಜನರೂ ತಿರುಗಿ ನೋಡಿದ್ರು. ಕತ್ರಿಗುಪ್ಪೆ ಯಜಮಾನರು ಪಂಚೆ ಎತ್ತಿ ಕಟ್ಟಿ ಮುಂದೆ ಬಂದ್ರು. “ಯಾರಮ್ಮ ಸುಳ್ಳು ಅಂದಿದ್ದು? ಸಾರ್, ಈ ಯಮ್ಮ ಹೆದರ್ಕೊಂಡು ಏನೇನೋ ಹೇಳ್ತವ್ರೆ. ನಾನು ದಿನಾ ಬರ್ತೀನಿ. ನನ್ನ ತಮ್ಮಂದಿರು ಬರ್ತಾರೆ. ಏನ್ರಪ್ಪಾ, ಬರ್ತೀವೋ ಇಲ್ವೋ?”

“ಬರ್ತೀವಿ!” ಅಂತ ಇಡೀ ಮಹಡಿ ಕೂಗಿತು. ಸೂರಿನಿಂದ ಸುಣ್ಣ ಉದುರಿತು.

“ಅಣ್ಣಾ, ನಿಮ್ಮ ದಮ್ಮಯ್ಯ, ಸುಮ್ನಿರಿ,” ಅಂದೆ.

“ನೀವು ಸುಮ್ನಿರಿ ಮೇಡಂ, ನಿಮ್ಮ ಲೈಬ್ರರಿ ಉಳಿಸೋ ಜವಾಬ್ದಾರಿ ನಮ್ಮದು. ಸಾರ್, ಇನ್ನೂ ಜನ ಬೇಕಾ? ನಾಳೆ ನಮ್ಮ ಬೀಗರನ್ನೂ ಕರ್ಕೊಂಡು ಬರ್ತೀನಿ!”

ಇಂಜಿನಿಯರ್ ಗೋಡೆ ಹಿಡ್ಕೊಂಡು, “ದಯವಿಟ್ಟು ಒಬ್ಬೊಬ್ಬರಾಗಿ, ಮೆಲ್ಲಗೆ, ಕೆಳಗಿಳೀರಿ” ಅಂದ್ರು. ಪಾಪ, ಎಲ್ಲರೂ ಲೈಬ್ರರಿ ಗೆದ್ದಿತು ಅಂತಲೇ ತಿಳ್ಕೊಂಡು, ನನ್ನ ಕೈ ಕುಲುಕಿ ಕುಲುಕಿ ಇಳಿದು ಹೋದ್ರು. ಯಜಮಾನರಂತೂ ಉಳಿದ ಚಿತ್ರಾನ್ನ ನನಗೇ ಕೊಟ್ಟು ಹೋದ್ರು.

ಮಹಡಿ ಖಾಲಿಯಾದ ಮೇಲೆ ನಾನು ಚಿತ್ರಾನ್ನದ ಡಬ್ಬಿ ಹಿಡ್ಕೊಂಡು ಅಳ್ತಾ ಕೂತಿದ್ದೆ. ಇಂಜಿನಿಯರ್ ಹತ್ರ ಬಂದು ನಿಂತ್ರು. ತಂದಿದ್ದ ರಿಪೋರ್ಟನ್ನ ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡ್ರು.

“ಮೇಡಂ,” ಅಂದ್ರು, “ನನ್ನ ಸರ್ವೀಸಲ್ಲೇ ಇಷ್ಟು ಚೆನ್ನಾಗಿ ನಡೆಸಿರೋ ಲೈಬ್ರರಿ ನಾನು ನೋಡಿಲ್ಲ. ಅದಕ್ಕೇ ನಾಳೆಯಿಂದ ಮುಚ್ಚಬೇಕಾಗುತ್ತೆ.”

ಇಪ್ಪತ್ತಾರು ವರ್ಷದಲ್ಲಿ ನನ್ನ ಕೆಲಸ ಚೆನ್ನಾಗಿದೆ ಅಂತ ಒಬ್ಬರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.