ಗೌರಮ್ಮನ ಮನೆಯಲ್ಲಿ ಕೈ ತೊಳೆದದ್ದು

ನರ್ಸಿಂಗ್ ಪದವಿ ಎಂದರೆ ಕೈ ತೊಳೆಯುವುದು. ಅದರಲ್ಲಿ ಬೇರೆ ಏನೇನೋ ಇದೆ ಎಂದು ನಮ್ಮ ಮೇಡಂಗಳು ಹೇಳುತ್ತಾರೆ, ದಪ್ಪ ದಪ್ಪ ಪುಸ್ತಕಗಳನ್ನೂ ಓದಿಸುತ್ತಾರೆ. ಆದರೆ ಕೊನೆಯ ವರ್ಷಕ್ಕೆ ಬಂದು ಹಿಂತಿರುಗಿ ನೋಡಿದರೆ ನನಗೆ ಕಾಣುವುದು ಬರೀ ಸೋಪಿನ ನೊರೆ. ರೋಗಿಯನ್ನು ಮುಟ್ಟುವ ಮುಂಚೆ ತೊಳೆ, ಮುಟ್ಟಿದ ಮೇಲೆ ತೊಳೆ, ಮುಟ್ಟೋಣವೆಂದು ಹೋಗಿ ಮುಟ್ಟದೆ ಬಂದರೂ ತೊಳೆ. ಮೊದಲ ವರ್ಷ ಅಪ್ಪ ಕುಣಿಗಲ್ ಕಡೆಯ ನಮ್ಮ ಕೊತ್ತಗೆರೆಯಿಂದ ಫೋನ್ ಮಾಡಿ, "ಇವತ್ತೇನ್ ಹೇಳ್ಕೊಟ್ರವ್ವಾ?" ಎಂದು ಆಸೆಯಿಂದ ಕೇಳುತ್ತಿದ್ದರು. "ಕೈ ತೊಳೆಯೋದು ಕಣಪ್ಪಾ" ಎಂದರೆ, "ಅದನ್ನ ನಿಮ್ಮವ್ವ ಪುಕ್ಸಟ್ಟೆ ಕಲ್ಸಿದ್ಲಲ್ಲೇ! ಅದಕ್ಕೆ ತುಮಕೂರಿಗ್ ಯಾಕ್ ಹೋಗ್ಬೇಕಿತ್ತು?" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ನಮ್ಮನ್ನು ಆಸ್ಪತ್ರೆಯಿಂದ ಹೊರಗೆಳೆದು ಹಳ್ಳಿಗಳಿಗೆ ಅಟ್ಟಿದರು. ಒಬ್ಬೊಬ್ಬರಿಗೆ ಒಂದೊಂದು ಮನೆ. ನನ್ನ ಪಾಲಿಗೆ ಬಂದದ್ದು ಗುಬ್ಬಿಯಿಂದ ಸ್ವಲ್ಪ ಒಳಗಿರುವ ಒಂದು ಊರಿನ ಗೌರಮ್ಮ. ಆಕೆಗೆ ಬಿಪಿ ಇದೆ. ಮಗ ಸೊಸೆ ಇಬ್ಬರೂ ಕಂಪನಿ ಬಸ್ಸು ಹತ್ತಿ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುತ್ತಾರೆ. ಗೌರಮ್ಮ ಮಾತ್ರ ಇಡೀ ಸಂಸಾರಕ್ಕೆ ಆಗುವಷ್ಟು ಅಡುಗೆ ಮಾಡಿಟ್ಟುಕೊಂಡು, ಯಾರಾದರೂ ಸಿಕ್ಕಾರೆಯೇ ಎಂದು ಬಾಗಿಲಲ್ಲಿ ಕೂತಿರುತ್ತಾಳೆ. ತುಮಕೂರಿನ ಸದಾಶಿವನಗರದ ರೂಮಿನಲ್ಲಿ ಅವಲಕ್ಕಿ ತಿಂದು ಬಸ್ಸು ಹತ್ತುವ ನಾನು ಸಿಕ್ಕಿದೆ.

ಮನೆ ಭೇಟಿಗೆಂದು ನಮಗೊಂದು ಚೀಲ ಕೊಟ್ಟಿದ್ದಾರೆ. ಅದನ್ನು ಬರೀ ನೆಲದ ಮೇಲೆ ಇಡುವಂತಿಲ್ಲ. ನ್ಯೂಸ್ ಪೇಪರ್ ಹಾಸಿ, ಅದರ ಮೇಲೆ ಚೀಲವಿಟ್ಟು, ಮೇಲಿನ ಜೇಬಿನಿಂದ ಸೋಪು ಟವೆಲ್ ತೆಗೆದು, ಕೈ ತೊಳೆದು ಬಂದ ಮೇಲೆಯೇ ಒಳಗಿನ ಬಿಪಿ ಮಿಷನ್ ಮುಟ್ಟಬೇಕು. ಮೊದಲ ದಿನ ಎಲ್ಲವನ್ನೂ ಶಾಸ್ತ್ರೋಕ್ತವಾಗಿಯೇ ಮಾಡಿದೆ. ಕೈ ತೊಳೆದು ಒಳಗೆ ಬಂದು ನೋಡುತ್ತೇನೆ, ಪೇಪರಿನ ಮೇಲೆ ಚೀಲದ ಪಕ್ಕದಲ್ಲೇ ತಟ್ಟೆ! ತಟ್ಟೆಯಲ್ಲಿ ಹೊಗೆಯಾಡುವ ರಾಗಿಮುದ್ದೆ, ಹುರುಳಿಕಾಳಿನ ಸಾರು.

"ಕುಂತ್ಕೊಳವ್ವಾ, ಉಣ್ಣು" ಎಂದಳು ಗೌರಮ್ಮ.

"ಅಜ್ಜಿ, ಮೊದ್ಲು ಬಿಪಿ ನೋಡ್ಬೇಕು."

"ಬಿಪಿ ಎಲ್ಲೋಗ್ತದೆ? ಇಲ್ಲೇ ಇರ್ತದೆ. ಮುದ್ದೆ ಆರೋಯ್ತದೆ."

ಉಂಡೆ. ಕೊನೆಯ ತುತ್ತಿಗೆ ಸರಿಯಾಗಿ ನಮ್ಮ ಮೇಡಂ ಪರಿಶೀಲನೆಗೆ ಬಂದರು. "ಬಿಪಿ ಎಷ್ಟಿದೆ?" ಎಂದರು. ಇನ್ನೂ ನೋಡಿಲ್ಲ ಎಂದೆ. "ಮತ್ತೆ ಇಷ್ಟ್ ಹೊತ್ತು ಏನ್ಮಾಡ್ತಿದ್ದೆ?" ಎಂದದ್ದಕ್ಕೆ ಉತ್ತರ ಕೊಟ್ಟದ್ದು ನನ್ನ ಬಿಕ್ಕಳಿಕೆ.

ಗೌರಮ್ಮನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಮನೆಯಲ್ಲೂ ಇದೇ ಕಥೆ. ಒಮ್ಮೆ ಅಪ್ಪ ಬೆಳಿಗ್ಗೆ ತೋಟದ ಮೋಟಾರು ಬಿಚ್ಚಿ ಗ್ರೀಸ್ ಹೋಗಲೆಂದು ಕೈ ತೊಳೆದರೆ, ಆಗತಾನೆ ತಿಂಡಿ ತಿಂದಿದ್ದ ಮನುಷ್ಯನಿಗೆ ಅವ್ವ ಮತ್ತೆ ತಟ್ಟೆ ಇಟ್ಟಿದ್ದಳು. ಅಪ್ಪ ಮತ್ತೆ ಕೂತು ಉಂಡರು. ಕೈ ತೊಳೆದು ಬಂದವರಿಗೆ ಬಡಿಸದಿರುವುದು ನಮ್ಮ ಕಡೆ ಹೆಂಗಸರ ಕೈಯಲ್ಲಿ ಆಗದ ಕೆಲಸ.

ಆಮೇಲೆ ನಾನು ಬೇಗ ಹೋಗಿ ನೋಡಿದೆ, ರೊಟ್ಟಿ ಬಂತು. ತಡವಾಗಿ ಹೋದೆ, "ಪಾಪ, ಹಸ್ಕೊಂಡ್ ಬಂದವ್ಳೆ" ಎಂದು ಇನ್ನೊಂದು ಮುದ್ದೆ ಹೆಚ್ಚಾಯಿತು. ಊಟ ಮಾಡಿಕೊಂಡೇ ಬಂದಿದ್ದೇನೆ ಎಂದು ಸುಳ್ಳು ಹೇಳಿದರೆ, "ಉಂಡ್ಬಂದೋಳು ಕೈ ಯಾಕ್ ತೊಳ್ಕಂಡೆ?" ಎಂದು ಕೇಳಿದಳು. ಸೂಕ್ಷ್ಮಾಣುಜೀವಿಗಳ ಬಗ್ಗೆ ವಿವರಿಸಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು ಸಾರು ಬಿಟ್ಟಳು.

ಮೇಡಂಗೆ ತಲೆ ಕೆಟ್ಟಿತು. "ಪ್ರಾಕ್ಟಿಕಲ್ ಪರೀಕ್ಷೆ ಅದೇ ಮನೇಲಿ. ಹೊರಗಿನಿಂದ ಎಕ್ಸಾಮಿನರ್ ಬರ್ತಾರೆ. ಅವತ್ತೂ ಮಧ್ಯದಲ್ಲಿ ತಟ್ಟೆ ಬಂತೋ, ನೀನು ಫೇಲು" ಎಂದುಬಿಟ್ಟರು. ಗೆಳತಿಯರೆಲ್ಲ ಕೆಲಸಕ್ಕೆ ಸೇರುವಾಗ ನಾನೊಬ್ಬಳೇ ಜೂನಿಯರ್‌ಗಳ ಜೊತೆ ಕೂತು ಮತ್ತೆ ಕೈ ತೊಳೆಯಬೇಕು! ಕೊತ್ತಗೆರೆಯಲ್ಲಿ ಅವ್ವ ಆಗಲೇ ಬೀದಿಗೆಲ್ಲ ನನ್ನನ್ನು ಸಿಸ್ಟರ್ ಮಾಡಿಯಾಗಿತ್ತು.

ಪರೀಕ್ಷೆಯ ಹಿಂದಿನ ದಿನ ಗೌರಮ್ಮನ ಮುಂದೆ ಕೂತು, ಕೈ ಮುಗಿದು ಹೇಳಿದೆ. "ಅಜ್ಜಿ, ನಾಳೆ ನಾನ್ ಕೈ ತೊಳೆದ್ರೆ ಅದು ಊಟಕ್ಕಲ್ಲ. ತಟ್ಟೆ ಮುಟ್ಟಬೇಡ. ಮುಟ್ಟಿದ್ರೆ ನಾನ್ ಫೇಲಾಗ್ತೀನಿ." ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡೆ.

"ಇದೆಂಥಾ ಓದವ್ವಾ!" ಎಂದು ಮೊದಲು ಮುಖ ಸಿಂಡರಿಸಿದಳು. ನನ್ನ ಕಣ್ಣು ನೋಡಿ ಕರಗಿದಳು. "ಅಳ್ಬ್ಯಾಡ ಬುಡು. ನನ್ ಮುದ್ದೆಯಿಂದ ನೀನ್ ಫೇಲಾಗೋದ್ ಬ್ಯಾಡ. ನೀನ್ ಕೈ ತೊಳೆದ್ರೆ ಊಟಕ್ಕಲ್ಲ, ಆಯ್ತಾ?" ಎಂದಳು. ಸಾಲದೆಂದು ಇನ್ನೊಮ್ಮೆ ಹೇಳಿಸಿದೆ.

ಪರೀಕ್ಷೆಯ ದಿನ ಭಯಕ್ಕೆ ಅವಲಕ್ಕಿಯೂ ಇಳಿಯಲಿಲ್ಲ. ನಮ್ಮ ಮೇಡಂ ಜೊತೆ ಬಂದ ಎಕ್ಸಾಮಿನರ್ ನಗುವ ಅಭ್ಯಾಸವಿಲ್ಲದ ಹೆಂಗಸು. ಪೇಪರ್ ಹಾಸಿದೆ, ಚೀಲವಿಟ್ಟೆ, ಕೈ ತೊಳೆಯಲು ಹೋದೆ. ವಾಪಸು ಬಂದರೆ, ಪೇಪರಿನ ಮೇಲೆ ಚೀಲ ಬಿಟ್ಟು ಏನೂ ಇಲ್ಲ! ಗೌರಮ್ಮ ಬಳೆ ತೊಡಿಸಿಕೊಳ್ಳುವವಳಂತೆ ಕೈ ಚಾಚಿ ಕೂತಿದ್ದಳು. ಬಿಪಿ ನೋಡಿದೆ, ಉಪ್ಪು ಕಡಿಮೆ ಮಾಡಲು ಹೇಳಿದೆ, ಮಾತ್ರೆ ಬಿಡಬಾರದು ಎಂದೆ. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು. ಗೆದ್ದೆ ಎಂದುಕೊಂಡೆ.

"ಸರಿ, ನಾನೂ ಒಂದ್ಸಲ ನೋಡ್ತೀನಿ" ಎಂದರು ಎಕ್ಸಾಮಿನರ್. ನನ್ನದೇ ಸೋಪು ತೆಗೆದುಕೊಂಡು, ಹೊರಗೆ ಹೋಗಿ, ನೀಟಾಗಿ ಕೈ ತೊಳೆದರು. ಅಯ್ಯೋ ದೇವರೇ! ಅವರ ಕೈಯ ಬಗ್ಗೆ ನಾನು ಗೌರಮ್ಮನಿಗೆ ಏನೂ ಹೇಳಿರಲಿಲ್ಲ.

ಅವರು ಒಳಗೆ ಬರುವ ಹೊತ್ತಿಗೆ ತಟ್ಟೆ ಬಂದಿತ್ತು. ಮುದ್ದೆಯ ಮೇಲೆ ತುಪ್ಪ. ಎಕ್ಸಾಮಿನರ್ ಗಾಬರಿಯಾಗಿ, "ಬೇಡಮ್ಮ, ನಂದು ಊಟ ಆಗಿದೆ" ಎಂದರು.

"ಉಂಡ್ಬಂದೋರು ಕೈ ಯಾಕ್ ತೊಳ್ಕಂಡ್ರಿ?"

ಅಷ್ಟು ದೊಡ್ಡ ಮನುಷ್ಯೆ ತಟ್ಟೆಯ ಮುಂದೆ ಕೂತುಬಿಟ್ಟರು. ನಾನು ಫೇಲಾದ ಸುದ್ದಿಯನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಗೋಡೆಗೆ ಒರಗಿದೆ. ಎರಡು ತುತ್ತು ಇಳಿದ ಮೇಲೆ ಅವರ ಮುಖ ಸಡಿಲವಾಯಿತು. "ಚೆನ್ನಾಗ್ ಮಾಡಿದೀಯ. ಪಾಸು ಬಿಡು" ಎಂದರು. "ಆ ಚೀಲ ಸ್ವಲ್ಪ ಆಕಡೆ ತೆಗಿ, ಸಾರು ಚೆಲ್ಲುತ್ತೆ." ನಮ್ಮ ಮೇಡಂ ಕೂಡ ಮೆಲ್ಲಗೆ ಹೋಗಿ ಕೈ ತೊಳೆದು ಬಂದರು. ಅವರಿಗೂ ತಟ್ಟೆ ಬಂತು.

ಪಾಸು ಎಂದದ್ದೇ ತಡ, ನನ್ನ ಹೊಟ್ಟೆಯಲ್ಲಿ ಸತ್ತಿದ್ದ ಹಸಿವು ಎದ್ದು ಕೂತಿತು. ಆ ತುಪ್ಪದ ವಾಸನೆ ಬೇರೆ. ಓಡಿಹೋಗಿ ಚೆನ್ನಾಗಿ ಸೋಪು ಹಚ್ಚಿ ಕೈ ತೊಳೆದು, ಬಂದು ಮೇಡಂ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತೆ. ಗೌರಮ್ಮ ನನ್ನನ್ನು ನೋಡಿದಳು. ತುಂಬು ಪ್ರೀತಿಯಿಂದ ನಕ್ಕು, ಉಳಿದ ತಟ್ಟೆಯನ್ನು ಎತ್ತಿ ಗೂಡಿನಲ್ಲಿಟ್ಟಳು.

"ಹೆದ್ರಬ್ಯಾಡ ಕಣವ್ವಾ. ನೀನ್ ಕೈ ತೊಳೆದ್ರೆ ಊಟಕ್ಕಲ್ಲ, ನಂಗ್ ಗ್ಯಾಪ್ನ ಐತೆ."

"ನೋಡಿ, ಹೇಳ್ಕೊಟ್ಟಿದ್ದನ್ನ ಮನೆಯವರು ಎಷ್ಟ್ ಚೆನ್ನಾಗಿ ಪಾಲಿಸ್ತಾರೆ" ಎಂದು ಎಕ್ಸಾಮಿನರ್ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಅವರೆದುರು ನನ್ನ ಪಾಠವನ್ನು ನಾನೇ ತಪ್ಪೆನ್ನುವುದು ಹೇಗೆ? ಅವರ ಊಟ ಮುಗಿಯುವವರೆಗೂ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಗುಬ್ಬಿ ಬಸ್ ಸ್ಟ್ಯಾಂಡಿಗೆ ಬಂದವಳೇ ಒಂದು ಬನ್ನು ತೆಗೆದುಕೊಂಡೆ. ಕೈ ತೊಳೆಯದೆಯೇ ತಿಂದೆ.