ಮಾವನ ಮನೆಯ ಟ್ರ್ಯಾಕ್ಟರಿನಲ್ಲಿ ನನ್ನ ಇಂಗ್ಲಿಷ್ ಹಾಡು

ಆ ಮಾತು ಕೇಳಿಬಂದಾಗ ನಾನು ನಿಂತಿದ್ದುದು ರಾಮಸಮುದ್ರದಲ್ಲಿ, ನನ್ನ ಹೆಂಡತಿಯ ತವರುಮನೆಯ ಅಂಗಳದಲ್ಲಿ, ಟ್ರ್ಯಾಕ್ಟರಿನ ಎಡಗಡೆಯ ದೊಡ್ಡ ಗಾಲಿಗೂ ಬೇವಿನ ಮರಕ್ಕೂ ನಡುವೆ. ಹತ್ತಿ ಬಿಡಿಸುವ ಕಾಲದ ಒಂದು ಭಾನುವಾರ. ಮಧ್ಯಾಹ್ನದ ಊಟ ಮುಗಿದು ಚಹಾ ಇನ್ನೂ ಒಲೆಯ ಮೇಲಿದ್ದ ಹೊತ್ತು. ಶಹಾಪುರದ ಕಚೇರಿಯೊಂದರಲ್ಲಿ ಪಂಚನಾಮೆ ಬರೆದು ಬರೆದು, ಎಲ್ಲಿ, ಯಾವಾಗ, ಯಾರೆದುರಿಗೆ ಎಂಬುದನ್ನು ಮೊದಲು ಹೇಳದೆ ನನಗೆ ಬಾಯಿಯೇ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಮಹಾದೇವಿ ಸಾರು ಹೇಗಿದೆ ಎಂದು ಕೇಳಿದ್ದಕ್ಕೂ ನಾನು ಪಾತ್ರೆ ಎಲ್ಲಿತ್ತು ಎಂಬುದರಿಂದಲೇ ಶುರುಮಾಡಿದ್ದೆನಂತೆ. ಈ ಪ್ರಕರಣಕ್ಕಂತೂ ಸಾಕ್ಷಿಗಳೇ ಇದ್ದಾರೆ. ಆದ್ದರಿಂದ ನಿಧಾನವಾಗಿಯೇ ಹೇಳುತ್ತೇನೆ.

ನನಗೆ ಗಿಟಾರಿನ ಚಟ. ಕಲಬುರಗಿಯಲ್ಲಿ ಓದುವಾಗ ಹತ್ತಿದ್ದು, ಕೂದಲು ಉದುರಿದರೂ ಇದು ಉದುರಲಿಲ್ಲ. ಹಳೆಯದೊಂದು ಇಂಗ್ಲಿಷ್ ರಾಕ್ ಹಾಡನ್ನು ಮನೆಯಲ್ಲೇ ನಾನೇ ಬಾರಿಸಿ, ನಾನೇ ಹಾಡಿ, ರೆಕಾರ್ಡ್ ಮಾಡಿದೆ. ಜೋಳದ ಚೀಲ ಇಡುವ ಕೋಣೆಯೇ ಸ್ಟುಡಿಯೋ. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ನಾಲ್ಕೂ ಕಡೆ ಕೌದಿ ತೂಗುಹಾಕಿದೆ. ಗಿಟಾರ್, ಡ್ರಮ್ಸ್, ದನಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹದವಾಗಿ ಬೆರೆಸುವುದಕ್ಕೆ ಮಿಕ್ಸ್ ಎನ್ನುತ್ತಾರೆ. ಅದನ್ನೂ ಮಾಡಿದೆ. ಇನ್ನು ಉಳಿದದ್ದು ಒಂದೇ: ಹೇಗಿದೆ ಎಂದು ಯಾರಾದರೂ ನಿಜ ಹೇಳಬೇಕು. ಹೇಳಿದರೆ ಇದನ್ನು ತಿದ್ದಿ ಇನ್ನೊಂದಕ್ಕೆ ಕೈ ಹಾಕುವುದು, ಯಾರೂ ಹೇಳದಿದ್ದರೆ ಗಿಟಾರನ್ನು ಅಟ್ಟಕ್ಕೆ ಏರಿಸಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿದೆ.

ನಿಜ ಸಿಗುವುದು ಅಷ್ಟು ಸುಲಭವಿರಲಿಲ್ಲ. ಮಹಾದೇವಿಯನ್ನು ಕೇಳಿದರೆ ಪ್ರತಿ ಸಲವೂ ಛಲೋ ಅದರಿ ಎನ್ನುತ್ತಿದ್ದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. ಕಚೇರಿಯ ಗೆಳೆಯರೊಬ್ಬರು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದು ಕಿವಿಗೆ ಮೊಬೈಲ್ ಹಿಡಿದು ಮಾತಾಡುತ್ತಲೇ, ಹೆಬ್ಬೆರಳೆತ್ತಿ ತೋರಿಸಿದರು. ಕೊನೆಗೆ ನನ್ನಂಥವರೇ ದೇಶವಿದೇಶಗಳಿಂದ ಸೇರಿಕೊಂಡಿರುವ ಅಂತರ್ಜಾಲದ ಗುಂಪೊಂದರಲ್ಲಿ ದುಃಖ ತೋಡಿಕೊಂಡೆ. ಅಲ್ಲಿನ ಹಿರಿಯರೊಬ್ಬರು, ಹೆಡ್‌ಫೋನ್ ನಂಬಬೇಡಿ, ಕಾರಿನಲ್ಲಿ ಹಾಕಿ ಕೇಳಿ, ತಪ್ಪುಗಳೆಲ್ಲ ತಾವಾಗಿಯೇ ಹೊರಬೀಳುತ್ತವೆ ಎಂದು ಬರೆದರು. ನನಗೆ ಕಾರಿಲ್ಲ. ಆದರೆ ಮಹಾದೇವಿಯ ತಮ್ಮ ಸಾಬಣ್ಣನಿಗೆ ಟ್ರ್ಯಾಕ್ಟರಿದೆ. ನಮ್ಮ ಕಡೆ ಟ್ರ್ಯಾಕ್ಟರಿಗೆ ಎಂಜಿನ್ ಎಷ್ಟು ಮುಖ್ಯವೋ ಸ್ಪೀಕರ್ ಪೆಟ್ಟಿಗೆಗಳೂ ಅಷ್ಟೇ ಮುಖ್ಯ. ಸಾಬಣ್ಣ ಹೊಲಕ್ಕೆ ಹೊರಟದ್ದು ಹೊಲಕ್ಕೆ ಮೊದಲೇ ತಿಳಿದಿರುತ್ತದೆ.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಅಳಿಯನಾದವನು ಸತ್ಯ ಹುಡುಕಿಕೊಂಡು ಹೋಗಬಾರದ ಜಾಗವೆಂದರೆ ಮಾವನ ಮನೆ. ಅಲ್ಲಿ ಅಳಿಯನ ತಾಟಿನಲ್ಲಿ ಹೋಳಿಗೆ ಮುಗಿಯಬಾರದು, ಅಳಿಯನ ಕಿವಿಗೆ ಕೊಂಕು ಬೀಳಬಾರದು. ಟ್ರ್ಯಾಕ್ಟರಿನಲ್ಲಿ ಹಾಕಿದ ಹಾಡಿನ ಮೊದಲ ಸಾಲು ಮುಗಿಯುವ ಮುನ್ನವೇ ಸಾಬಣ್ಣ ತಲೆದೂಗಿದ. ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ತಿಪ್ಪಣ್ಣ ಕಾಕಾ, ಒಂದಕ್ಷರ ಇಂಗ್ಲಿಷ್ ಬಾರದವರು, ಅರ್ಥ ಭಾಳ ಚಂದ ಅದ ಎಂದರು. ಎಲ್ಲಾದರೂ ತಪ್ಪಿದ್ದರೆ ಹೇಳು ಎಂದು ನಾನು ಸಾಬಣ್ಣನನ್ನು ಬೇಡಿಕೊಂಡೆ.

"ತಪ್ಪ ಅದಂದ್ರ ಅದು ಟ್ರ್ಯಾಕ್ಟರಿಂದೇ ಇರ್ಬೇಕ್ರಿ ಮಾಮಾ," ಅಂದ ಅವನು.

ಹಾಡಿನ ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ಸುಮ್ಮನಾಗಿ ಗಿಟಾರ್ ಒಂದೇ ಮೆಲ್ಲಗೆ ನುಡಿಯುತ್ತದೆ. ದನಿ ರೆಕಾರ್ಡ್ ಮಾಡುವಾಗ ಅಲ್ಲಿ ನಾನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಮುಂದಿನ ಸಾಲಿಗಾಗಿ ಕಾಯುತ್ತಿದ್ದೆ. ಮೈಕ್ ತೆರೆದೇ ಇತ್ತು. ಅಡುಗೆಮನೆಯ ಕಡೆಯ ಕಿಟಕಿಯೂ ತೆರೆದೇ ಇತ್ತು. ಸಣ್ಣ ಸದ್ದುಗಳು ಕಳೆದುಹೋಗಬಾರದೆಂದು ಮಿಕ್ಸ್ ಮಾಡುವಾಗ ಅವನ್ನು ನಾನೇ ಜೋರು ಮಾಡಿದ್ದೆ. ನನ್ನ ಅಗ್ಗದ ಹೆಡ್‌ಫೋನಿನಲ್ಲಿ ಬರೀ ಗುಸುಗುಸುವಿನಂತಿದ್ದದ್ದು ಸಾಬಣ್ಣನ ಪೆಟ್ಟಿಗೆಗಳಲ್ಲಿ ಮಹಾದೇವಿಯ ದನಿಯಾಗಿ ಅಂಗಳದ ತುಂಬ ಬಂತು. ಅವಳು ಫೋನಿನಲ್ಲಿ ತಾಯಿಯೊಂದಿಗೆ ಮಾತಾಡುತ್ತಿದ್ದಳು.

"ಇನ್ನಾ ಹಾಡಾಕತ್ತಾರ ಯವ್ವ. ಗಿಟಾರ್ ಛಲೋ ಬಾರಸ್ತಾರ, ಸುಳ್ಳ್ಯಾಕ ಹೇಳ್ಲಿ. ಬಾಯಿ ತೆರದ್ರ ಮಾತ್ರ ಎಮ್ಮಿ ಈಯಾಕತ್ತದೇನೋ ಅಂತ ಬಾಜೂ ಮನಿಯವ್ರು ಬಂದು ಇಣುಕ್ತಾರ."

ಸಾಬಣ್ಣ ಗಾಬರಿಯಿಂದ ಸದ್ದು ಇಳಿಸಲು ಹಾರಿದ. ಗಾಬರಿಯಲ್ಲಿ ಗುಂಡಿಯನ್ನು ಏರುವ ಕಡೆಗೆ ತಿರುಗಿಸಿದ. ಉಳಿದ ಮಾತು ಇಡೀ ಓಣಿಗೆ ಕೇಳಿತು.

"ಹೇಳಿದ್ರ ಮಾರಿ ಸಣ್ಣ ಮಾಡ್ಕೋತಾರ ಯವ್ವ. ಅದಕ್ಕ ಛಲೋ ಅದ ಅಂತೀನಿ."

ಆ ಹೊತ್ತಿಗೆ ಸರಿಯಾಗಿ ಅತ್ತೆ ದೇವಮ್ಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಈ ಮಾತನ್ನು ಅವರು ಎರಡನೆಯ ಸಲ ಕೇಳುತ್ತಿದ್ದರು. ಮಹಾದೇವಿ ಹತ್ತಿಯ ರಾಶಿಯ ಮಗ್ಗುಲಲ್ಲಿ ಕೂತವಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಗೂಟಕ್ಕೆ ಕಟ್ಟಿದ್ದ ಎಮ್ಮೆ ತಲೆಯೆತ್ತಿ ನನ್ನನ್ನೇ ನೋಡಿತು. ಹಾಡು ಮಾತ್ರ ನಿಲ್ಲಲಿಲ್ಲ. ಪೆಟ್ಟಿಗೆಯಲ್ಲಿ ನಾನು ಬಾಯಿ ತೆರೆದೆ.

"ಚಾ ಆರ್ತದ, ತಗೋರಿ ಅಳಿಯಾರ," ಎಂದರು ಅತ್ತೆ. "ಹಾಡು ಭಾಳ ಛಲೋ ಅದ."

ಸಂಜೆ ಮಹಾದೇವಿಯನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಶಹಾಪುರಕ್ಕೆ ಹೊರಟೆ. ಮಾರಿ ಸಣ್ಣ ಮಾಡಿಕೊಂಡಿದ್ದು ನಿಜವೇ, ಮುಖ ಬಾಡಿತ್ತು. ಆದರೆ ಯಾದಗಿರಿ ಬರುವಷ್ಟರಲ್ಲಿ ನನಗೆ ಹೊಳೆಯಿತು: ನಾನು ಊರೂರು ಹುಡುಕಿದ್ದು ಇದನ್ನೇ ಅಲ್ಲವೇ? ಉಳಿದದ್ದನ್ನೂ ಹೇಳಿಬಿಡು ಎಂದೆ. ನೀವು ಮಾರಿ ಸಣ್ಣ ಮಾಡ್ಕೋತೀರಿ ಎಂದಳು.

"ಗಾಡಿ ಮ್ಯಾಲ ನನ್ನ ಮಾರಿ ನಿನಗ ಕಾಣಂಗಿಲ್ಲ. ಹೇಳು."

ಹೇಳಿದಳು. ಭೀಮಾ ನದಿಯ ಸೇತುವೆ ದಾಟುವವರೆಗೂ ನನ್ನ ದನಿಯ ಬಗ್ಗೆಯೇ ಹೇಳಿದಳು. ಎತ್ತರದ ಸಾಲಿಗೆ ನಾನು ಏಣಿಯಿಲ್ಲದೆ ಹಾರುತ್ತೇನಂತೆ, ಉಸಿರು ತೆಗೆದುಕೊಳ್ಳುವುದು ಹಾಡಿಗಿಂತ ಜೋರಾಗಿ ಕೇಳುತ್ತದಂತೆ, ಗಿಟಾರಿನ ಒಳ್ಳೆಯ ಜಾಗಗಳನ್ನೆಲ್ಲ ಡ್ರಮ್ಸ್ ನುಂಗುತ್ತದಂತೆ. ಶಹಾಪುರದ ಗುಡ್ಡ ಕಾಣುವಾಗಲೂ ಮುಗಿದಿರಲಿಲ್ಲ. ಮನೆ ದಾಟಿ ಇನ್ನೊಂದು ಸುತ್ತು ಹಾಕಿದೆ.

ಹಾಡನ್ನು ಕೆಳಗಿನ ಶ್ರುತಿಗೆ ಇಳಿಸಿ, ಕಿಟಕಿ ಮುಚ್ಚಿ, ಮತ್ತೆ ಹಾಡಿದೆ. ಹಳೆಯದನ್ನೂ ಹೊಸದನ್ನೂ ಆ ಗುಂಪಿಗೆ ಕಳಿಸಿದೆ. ಹಿರಿಯರ ಉತ್ತರ ಬಂತು: ದನಿ ಮೊದಲಿಗಿಂತ ವಾಸಿ, ಇನ್ನೂ ದುಡಿಯಬೇಕು. ಆದರೆ ಹಳೆಯದರ ನಡುವೆ ಹೆಂಗಸೊಬ್ಬಳು ಯಾವುದೋ ಭಾಷೆಯಲ್ಲಿ ಮಾತಾಡುವ ಭಾಗವನ್ನೇಕೆ ತೆಗೆದಿರಿ? ಇಡೀ ಹಾಡಿನಲ್ಲಿ ಮನಸ್ಸಿನಿಂದ ಬಂದದ್ದು ಅದೊಂದೇ.

ಗಿಟಾರ್ ಅಟ್ಟ ಏರಲಿಲ್ಲ. ದಿನಾ ಸಂಜೆ ಸಾಧನೆ ನಡೆದಿದೆ. ತೀರ್ಪು ಬೇಕೆಂದಾಗ ಮಹಾದೇವಿಯನ್ನು ಹಿಂದೆ ಕೂರಿಸಿಕೊಂಡು ಬೈಕ್ ಹತ್ತುತ್ತೇನೆ.

ಮೇಲೆ ಹೇಳಿದ್ದನ್ನೆಲ್ಲ ಖುದ್ದಾಗಿ ಕಂಡು ಕೇಳಿದವರು: ಸಾಬಣ್ಣ, ಅತ್ತೆ ದೇವಮ್ಮ, ತಿಪ್ಪಣ್ಣ ಕಾಕಾ, ನನ್ನ ಹೆಂಡತಿ. ಎಲ್ಲರೂ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಮಹಾದೇವಿಯೊಬ್ಬಳನ್ನು ಬಿಟ್ಟು ಮಿಕ್ಕವರು ಹಾಡು ಛಲೋ ಇತ್ತು ಎಂಬ ಹೇಳಿಕೆಯನ್ನು ಇನ್ನೂ ಬದಲಿಸಿಲ್ಲ. ಐದನೆಯ ಸಾಕ್ಷಿ ಆ ಎಮ್ಮೆ. ಅದಕ್ಕೀಗ ದಿನ ತುಂಬುತ್ತಿದೆಯಂತೆ. ಈಯುವ ಹೊತ್ತಿಗೆ ತಪ್ಪದೆ ಫೋನ್ ಮಾಡು ಎಂದು ಸಾಬಣ್ಣನಿಗೆ ಹೇಳಿಟ್ಟಿದ್ದೇನೆ. ಮೈಕ್ ತೆಗೆದುಕೊಂಡು ಹೋಗಿ, ಅದರ ದನಿಯನ್ನೂ ನನ್ನ ದನಿಯನ್ನೂ ಒಟ್ಟಿಗೆ ಇಟ್ಟು ಕೇಳಿ ನೋಡಬೇಕು.